ಉತ್ತರ ಹೋಗುವ ವಿಳಾಸ

ನಮ್ಮ ಸೋದರಮಾವ ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಅವರು ಮೊದಲು ಕೇಳುವುದು ತಪ್ಪು ಎಲ್ಲಿದೆ ಎಂದಲ್ಲ, ಹೇಳಿದವರು ಯಾರು ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು. ಮಾವನ ಈ ಹೆಗ್ಗಣಕ್ಕೆ ಈಗ ಮೊಮ್ಮಕ್ಕಳನ್ನು ಕಾಣುವ ವಯಸ್ಸು. ಕಂಪ್ಯೂಟರ್‌ಗಳು ಟೆಲಿಫೋನ್ ತಂತಿಯ ಮೇಲೆ ಕೀಚುಕೀಚು ಎನ್ನುತ್ತ ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ ಹುಟ್ಟಿದ್ದು ಅದು. ಕೆಲಸ ಬಹಳ ಸರಳ. ಗುಂಪಿನ ವಿಳಾಸಕ್ಕೆ ಒಬ್ಬರು ಮೇಲ್ ಬರೆದರೆ ಅದನ್ನು ಗುಂಪಿನ ಎಲ್ಲರಿಗೂ ಹಂಚುವುದು, ಅಷ್ಟೇ. ಎಷ್ಟೋ ಹೊಸ ಆ್ಯಪ್‌ಗಳು ಬಂದವು, ಕುಣಿದವು, ಹೋದವು. ಜೇನು ಸಾಕುವವರು, ಚದುರಂಗ ಆಡುವವರು, ಕಿವಿ ಕೇಳದ ಮಕ್ಕಳ ತಾಯಂದಿರು, ಹಳೆಯ ಗಡಿಯಾರ ರಿಪೇರಿ ಮಾಡುವವರು, ಇಂಥವರೆಲ್ಲ ಇಂದಿಗೂ ಮಾವನ ಸಾಫ್ಟ್‌ವೇರ್ ಬಿಟ್ಟು ಅಲ್ಲಾಡಿಲ್ಲ.

ನಾನು ಈ ಹೆಗ್ಗಣದ ದಾದಿ. ಮಾವ ಬರೆಯುತ್ತಾರೆ, ನಾನು ಓಡಿಸುತ್ತೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕೆಳಗಡೆ ಯಂತ್ರಗಳು ದಿನವಿಡೀ ಹಾಸಿಗೆ ಬಟ್ಟೆ ಹಿಂಡುತ್ತಿರುತ್ತವೆ, ಮೇಲಿನ ನನ್ನ ಕೋಣೆಯ ನೆಲ ಚಳಿಯಲ್ಲೂ ಬೆಚ್ಚಗಿರುತ್ತದೆ. ಮೂಲೆಯ ಕಬ್ಬಿಣದ ಕಪಾಟಿನ ಮೇಲೆ ನಮ್ಮ ಸರ್ವರ್ ಕುಳಿತಿದೆ. ಗಾಳಿಯಲ್ಲಿ ತೇಲುವ ಬಟ್ಟೆಯ ನಾರು ಅದರ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ನಾನು ಆಗಾಗ ಅದನ್ನು ಬಿಡಿಸುತ್ತೇನೆ. ಲಾಂಡ್ರಿಯ ಯಜಮಾನಿಗೆ ಅದು ಏನೆಂದು ಗೊತ್ತಿಲ್ಲ. "ನಿಮ್ಮ ಮಾವನ ಪೆಟ್ಟಿಗೆ" ಎನ್ನುತ್ತಾರೆ, ಕರೆಂಟ್ ಬಿಲ್ಲಿನ ಬಗ್ಗೆ ಒಂದು ದಿನವೂ ಕೇಳಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಆ ಪೆಟ್ಟಿಗೆಯ ಮೇಲೆ ನಡೆಯುವ ಗುಂಪುಗಳಲ್ಲಿ ಒಂದರ ಹೆಸರು 'ಬಿಟ್ಟವರ ಬಳಗ'. ಕುಡಿತ ಬಿಟ್ಟವರು. ನಡೆಸುವವರು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಎಲ್ಲರಿಗೂ ಅವರು ಕಂಡಕ್ಟರ್ ಎಂದೇ ಪರಿಚಯ. ಗುಂಪು ಶುರು ಮಾಡುವಾಗ ಅವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು: ಒಳಗೆ ಯಾರಿದ್ದಾರೆ, ಏನು ಬರೆಯುತ್ತಾರೆ ಎಂದು ನಾನು ಒಮ್ಮೆಯೂ ನೋಡಬಾರದು. ನಾನು ನೋಡಿಲ್ಲ. ನೋಡುವುದು ನನಗೆ ಎಡಗೈ ಕೆಲಸ, ಆದರೂ ನೋಡಿಲ್ಲ. ಆ ಗುಂಪು ಹೇಗೆ ನಡೆಯುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು. "ಸಂಜೆ ಅಂಗಡಿ ದೀಪ ಹತ್ತುತ್ತಲ್ಲಮ್ಮ, ಆ ಹೊತ್ತು ಕೆಟ್ಟದ್ದು. ಒಬ್ಬ ಬರೀತಾನೆ, 'ಅಂಗಡಿ ಮುಂದೆ ನಿಂತಿದೀನಿ' ಅಂತ. ಆಗ ಯಾರಾದ್ರೂ ಉತ್ತರ ಕೊಡ್ಬೇಕು. ಯಾರಾದ್ರೂ ಒಬ್ಬರು. ಅಷ್ಟೇ ನಮ್ಮ ಮದ್ದು."

ಒಳಗಿರುವ ಒಬ್ಬನ ಹೆಸರು ಮಾತ್ರ ನನಗೆ ಗೊತ್ತು. ಅವನು ನನ್ನ ಅಣ್ಣ. ಸೇರಿಕೊಳ್ಳುವಾಗ ಏನೋ ತೊಡಕಾಗಿ ಅವನೇ ನನ್ನನ್ನು ಕೇಳಬೇಕಾಯಿತು. ಅಣ್ಣ ಕಿಟಕಿಗಳಿಗೆ ಗಾಜು ಕೂರಿಸುವವನು. ಜನ ಮನೆಯ ಬೀಗದ ಕೈ ಅವನ ಕೈಗೆ ಕೊಟ್ಟು ಕೆಲಸಕ್ಕೆ ಹೋಗುತ್ತಾರೆ. ಆ ನಂಬಿಕೆಯೇ ಅವನ ಬಂಡವಾಳ. ಅಂಥವನು ಗುಟ್ಟಿನ ಗುಂಪಿಗೆ ಸೇರುವಾಗ ಬೇರೊಂದು ವಿಳಾಸ ಮಾಡಿಕೊಳ್ಳಬಾರದೇ? ಇಲ್ಲ. ತನ್ನ ಗಾಜಿನಂಗಡಿಯ ಬೋರ್ಡನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋದ. ಅಂಗಡಿ ಹೆಸರು, ತನ್ನ ಹೆಸರು, ಫೋನ್ ನಂಬರು ಎಲ್ಲವೂ ಆ ವಿಳಾಸದ ಜೊತೆಗೇ ಅಂಟಿಕೊಂಡಿವೆ. ನಾನು ಬೈದಾಗ ಅವನು ತಲೆ ತಗ್ಗಿಸಿ ಹೇಳಿದ್ದ, "ನನ್ನ ಹೆಸರು ಅಲ್ಲಿಂದ ಹೊರಗೆ ಬಂದ ದಿನ ನಾನು ಮತ್ತೆ ಬಾಟ್ಲಿ ಹಿಡೀತೀನಿ ಕಣೇ. ನನ್ನನ್ನ ನಾನು ಬಲ್ಲೆ."

ಗುರುವಾರ ಬೆಳಿಗ್ಗೆ ಒಂದು ಮೇಲ್ ಬಂತು. ಬರೆದವಳು ಬೇರೆಯವರ ಸಾಫ್ಟ್‌ವೇರ್ ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡ ಹೆಂಗಸು. ಮರ್ಯಾದೆಯಿಂದ, ಸ್ಪಷ್ಟವಾಗಿ, ಒಂದು ಪದ ಹೆಚ್ಚಿಲ್ಲದೆ ಬರೆದಿದ್ದಳು.

ವಿಷಯ ಇಷ್ಟು. ಗುಂಪು ನಡೆಸುವವರು ಸರ್ವರ್‌ಗೆ ಮೇಲ್ ಮೂಲಕವೇ ಅಪ್ಪಣೆ ಕೊಡಬಹುದು. 'ಸದಸ್ಯರ ಪಟ್ಟಿ ಕಳಿಸು' ಎಂದರೆ ಕಳಿಸುತ್ತದೆ. ಆದರೆ ಲಕೋಟೆಯ ಮೇಲೆ ಯಾರು ಬೇಕಾದರೂ ಯಾರ ಹೆಸರು ಬೇಕಾದರೂ ಬರೆಯಬಹುದಲ್ಲ, ಅದಕ್ಕೆ ಸರ್ವರ್ ಮೊದಲು ಒಂದು ಗುಟ್ಟಿನ ಸಂಖ್ಯೆ ಕಳಿಸಿ, 'ಕೇಳಿದ್ದು ನೀವೇ ಆದರೆ ಇದನ್ನು ತಿರುಗಿ ಕಳಿಸಿ' ಎನ್ನುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಮೇಲ್‌ನಲ್ಲಿ ಇನ್ನೊಂದು ಸಾಲಿರುತ್ತದೆ, 'ಉತ್ತರವನ್ನು ಈ ವಿಳಾಸಕ್ಕೆ ಕಳಿಸಿ' ಎಂದು. ಮಾವನ ಸಾಫ್ಟ್‌ವೇರ್ ಆ ಸಾಲನ್ನು ಶಿರಸಾವಹಿಸಿ ಪಾಲಿಸುತ್ತಿತ್ತು. ಗುಟ್ಟಿನ ಸಂಖ್ಯೆಯನ್ನೂ ಅಲ್ಲಿಗೇ ಕಳಿಸುತ್ತಿತ್ತು. ಅಂದರೆ ಕಳ್ಳನೊಬ್ಬ ಕಂಡಕ್ಟರ್ ಹೆಸರು ಹಾಕಿ ಪಟ್ಟಿ ಕೇಳಿ, ಉತ್ತರ ತನ್ನ ಮನೆಗೆ ಬರಲಿ ಎಂದರೆ, ಬೀಗದ ಕೈ ನೇರ ಕಳ್ಳನ ಮನೆಗೆ.

ಆಕೆ ಕೊನೆಗೆ ಬರೆದಿದ್ದಳು: ಸಾಮಾನ್ಯವಾಗಿ ತಪ್ಪು ತಿದ್ದಲು ನಾನು ತಿಂಗಳುಗಟ್ಟಲೆ ಸಮಯ ಕೊಡುತ್ತೇನೆ, ಆದರೆ ಇದೇ ದಾರಿಯನ್ನು ಬೇರೆ ಯಾರೋ ಕಂಡುಕೊಂಡಂತಿದೆ, ನಿಮ್ಮ ಸಾಫ್ಟ್‌ವೇರ್ ಬಳಸುವ ಒಂದು ಹಾಡುಗಾರರ ಗುಂಪಿನ ಪಟ್ಟಿ ಆಗಲೇ ಹೊರಬಿದ್ದಿದೆ, ಮುಚ್ಚುವವರೆಗೆ ಸರ್ವರ್ ನಿಲ್ಲಿಸುವುದು ಒಳ್ಳೆಯದು.

ನಾನು ಎದ್ದು ಕಪಾಟಿನ ಹತ್ತಿರ ಹೋಗಿ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಒಂದು ಒತ್ತು ಸಾಕು. ಆದರೆ ಮಾವನ ಸಾಫ್ಟ್‌ವೇರ್‌ನಲ್ಲಿ ಅಪ್ಪಣೆ ಪಾಲಿಸುವ ಭಾಗ, ಮೇಲ್ ಹಂಚುವ ಭಾಗ ಎಂದು ಬೇರೆ ಬೇರೆ ಇಲ್ಲ, ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತದೆ. ಸಂಜೆ ಅಂಗಡಿ ದೀಪ ಹತ್ತುತ್ತದೆ. ಯಾರೋ 'ನಿಂತಿದೀನಿ' ಎಂದು ಬರೆಯುತ್ತಾರೆ, ಯಾರಿಂದಲೂ ಉತ್ತರ ಬರುವುದಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಭಾನುವಾರದಿಂದಲೂ ಎತ್ತುತ್ತಿರಲಿಲ್ಲ, ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಕಂಡಕ್ಟರ್‌ಗೆ ಮಾಡಿದೆ, ಅವರ ಫೋನೂ ಆಫ್. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಯಿತು ನನ್ನ ಸ್ಥಿತಿ. ಅಲ್ಲೇ ನಿಂತು ಒಂದು ತೀರ್ಮಾನಕ್ಕೆ ಬಂದೆ: ಸಂಜೆಯೊಳಗೆ ಇದನ್ನು ಮುಚ್ಚುತ್ತೇನೆ, ಆಗದಿದ್ದರೆ ಸ್ವಿಚ್ ಒತ್ತುತ್ತೇನೆ. ಯಜಮಾನಿಗೆ ಹೇಳಿ ಬಸ್ ಹತ್ತಿದೆ.

ಮಾವ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದರು. ಅವರು ಪ್ರೋಗ್ರಾಮನ್ನು ಪರದೆಯ ಮೇಲೆ ಓದುವುದಿಲ್ಲ, ಅಚ್ಚು ಹಾಕಿ ಓದುತ್ತಾರೆ. ಆ ಮನೆಯಲ್ಲಿ ಊಟ ಮಾಡಬೇಕೆಂದರೆ ತಟ್ಟೆ ಇಡಲು ಮೊದಲು ಜಾಗ ಬೇಡಬೇಕು. ಅತ್ತೆ ಕಿಟಕಿಯ ಪಕ್ಕ ತಮ್ಮ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದರು. ಅವರು ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು, ಈಗ ಸಾಫ್ಟ್‌ವೇರ್ ಬಳಸುವವರೆಲ್ಲ ಇರುವ ದೊಡ್ಡ ಗುಂಪಿನ ಮೇಲ್ವಿಚಾರಣೆ ಅವರದ್ದು.

ನಾನು ವಿಷಯ ಹೇಳಿದೆ. ಮಾವ ನಿರೀಕ್ಷೆಯಂತೆ ಕೇಳಿದರು, "ಹೇಳಿದ್ದು ಯಾರು?"

"ಯಾರಾದ್ರೇನು ಮಾವ? ತಪ್ಪು ಇದೆ."

"ತಪ್ಪಲ್ಲ ಅದು, ಮರ್ಯಾದೆ. ಉತ್ತರ ಇಲ್ಲಿಗೆ ಕಳಿಸಿ ಅಂತ ಒಬ್ಬ ಮನುಷ್ಯ ಕೇಳ್ಕೊಂಡ್ರೆ ಅಲ್ಲಿಗೇ ಕಳಿಸ್ಬೇಕು. ಇಲ್ಲ, ನಾವು ನಮಗೆ ಇಷ್ಟ ಬಂದ ಕಡೆ ಕಳಿಸ್ತೀವಿ ಅಂದ್ರೆ ಅದು ದುರಹಂಕಾರ."

"ಕಳ್ಳ ಕೇಳ್ಕೊಂಡ್ರೂನಾ?"

"ಕಳ್ಳರನ್ನ ನೋಡಿ ಸಾಫ್ಟ್‌ವೇರ್ ಬರೆಯೋಕಾಗುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ನಾಲ್ಕನೇ ಕಾಲಿನ ಚರ್ಚೆ ಮಾಡಬಾರದು, ತೋರಿಸಬೇಕು. ಅಲ್ಲೇ ಕುಳಿತು ನನ್ನ ಫೋನಿನಿಂದ, ಮಾವನ ಹೆಸರು ಹಾಕಿ, ಅವರದೇ ದೊಡ್ಡ ಗುಂಪಿನ ಪಟ್ಟಿ ಕೇಳಿದೆ. ಉತ್ತರ ನನಗೆ ಬರಲಿ ಎಂದೆ. ಟಿಂಗ್ ಎಂದಿತು. ಫೋನನ್ನು ಅವರ ಕಾಗದಗಳ ಮೇಲೆ ಇಟ್ಟೆ.

"ತಗೊಳ್ಳಿ, ನಿಮ್ಮ ಮನೆ ಬೀಗದ ಕೈ. ಮರ್ಯಾದೆಯಿಂದ ಕೊಟ್ಟುಬಿಡ್ತು."

ಮಾವ ಕನ್ನಡಕ ತೆಗೆದರು. ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡಿದರು. ಕಿವಿ ಕೆಂಪಾಗಿತ್ತು. ನನಗೆ ಪಾಪ ಎನ್ನಿಸಿತು, ಆದರೆ ಪಾಪ ಎನ್ನಲು ಸಮಯವಿರಲಿಲ್ಲ.

"ಬಳಗದಲ್ಲಿ ಅಣ್ಣ ಇದಾನೆ ಮಾವ," ಎಂದೆ. ಅಣ್ಣ ಯಾವ ಬಳಗದಲ್ಲಿದ್ದಾನೆಂದು ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದವರಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. "ಭಾನುವಾರದಿಂದ ಫೋನ್ ಎತ್ತುತ್ತಿಲ್ಲ."

ಮಾವ ಪೆನ್ಸಿಲ್ ಕೆಳಗಿಟ್ಟರು. ಅವರು ಮಾತಾಡುವ ಮೊದಲೇ ಕಿಟಕಿಯ ಕಡೆಯಿಂದ ಅತ್ತೆ ಹೇಳಿದರು, "ಆ ಸಾಲು ನನಗೋಸ್ಕರ ಬರೆದಿದ್ದು ಕಣೇ. ಅದಕ್ಕೇ ಇವರಿಗೆ ತೆಗೆಯೋಕೆ ಮನಸ್ಸಿಲ್ಲ."

ನನಗೆ ಇದು ಗೊತ್ತೇ ಇರಲಿಲ್ಲ. ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದಾಗ ಅತ್ತೆ ತವರಿಗೆ ಹೋಗಿ ತಿಂಗಳುಗಟ್ಟಲೆ ನಿಂತಿದ್ದರಂತೆ. ಅಲ್ಲಿ ಅವರಿಗೆ ಸ್ವಂತ ಮೇಲ್ ಇರಲಿಲ್ಲ, ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಗುಂಪಿನ ಕೆಲಸ ಬಿಡಲು ಅತ್ತೆ ಒಪ್ಪಲಿಲ್ಲ. ಗುಟ್ಟಿನ ಸಂಖ್ಯೆಗಳು ಎಲೆಕ್ಟ್ರಿಷಿಯನ್ ವಿಳಾಸಕ್ಕೆ ಹೋಗಲಿ ಎಂದು ಮಾವ ಕೂತು ಆ ಒಂದು ಸಾಲು ಸೇರಿಸಿದ್ದರು. ಪ್ರತಿ ಸಂಖ್ಯೆಯ ಕೆಳಗೆ 'ಊಟ ಆಯ್ತಾ' ಎಂದು ಬರೆದುಬರುವ ಹಾಗೆಯೂ ಮಾಡಿದ್ದರಂತೆ, ಅದನ್ನು ಆಮೇಲೆ ತೆಗೆದರಂತೆ.

"ಆ ಎಲೆಕ್ಟ್ರಿಷಿಯನ್ ಕಂಪ್ಯೂಟರು ಗುಜರಿಗೆ ಹೋಗಿ ಯಾವ ಕಾಲ ಆಯ್ತು," ಅತ್ತೆ ಹೇಳಿದರು. "ಅಮ್ಮನೂ ಹೋದ್ರು. ನಾನು ಇಲ್ಲೇ ಎದುರಿಗೆ ಕೂತಿದೀನಿ. ಮುಚ್ಚಿ ಅದನ್ನ."

ಮಾವ ಮುಚ್ಚಿದರು. ಒಮ್ಮೆ ಒಪ್ಪಿಕೊಂಡರೆ ಮಾವನಷ್ಟು ಚೆನ್ನಾಗಿ ಕೆಲಸ ಮಾಡುವವರನ್ನು ನಾನು ನೋಡಿಲ್ಲ. ಆ ಸಾಲು ಅಳಿಸಿ ಸುಮ್ಮನಾಗಲಿಲ್ಲ. ಗುಟ್ಟಿನ ಸಂಖ್ಯೆ, ನಾವು ದಾಖಲಿಸಿಟ್ಟ ವಿಳಾಸ ಬಿಟ್ಟು ಬೇರೆಲ್ಲಿಗೂ ಹೋಗದಂತೆ ಮಾಡಿದರು. ಅದೇ ಬಗೆಯ ಮರ್ಯಾದೆ ಬೇರೆಲ್ಲಿ ಅಡಗಿದೆ ಎಂದು ಪುಟ ಪುಟ ಪೆನ್ಸಿಲ್ ಆಡಿಸಿ ಇನ್ನೊಂದು ಕಡೆ ಹಿಡಿದರು, ಅಲ್ಲೂ ಮುಚ್ಚಿದರು. ಮಾವನ ಕಂಪ್ಯೂಟರ್‌ನಲ್ಲೇ ಅದನ್ನು ಓಡಿಸಿ ನಾನು ಮೂರು ಬಗೆಯಲ್ಲಿ ಕಳ್ಳತನ ಮಾಡಿ ನೋಡಿದೆ. ಬಾಗಿಲು ತೆರೆಯಲಿಲ್ಲ. ಹೊರಗೆ ಬಿಸಿಲು ಇನ್ನೂ ಇತ್ತು. ಅಬ್ಬಾ ಎಂದುಕೊಂಡು ಮುಖ ತೊಳೆಯಲು ಹೋದೆ.

ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಮಾವ ಕೈ ಉಜ್ಜಿಕೊಳ್ಳುತ್ತಿದ್ದರು. "ಕಳಿಸ್ಬಿಟ್ಟೆ," ಎಂದರು.

"ಏನನ್ನ?"

"ತಿದ್ದಿದ್ದನ್ನ. ಗುಂಪಿಗೆ."

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಮಾವ ಒಂದು ಅಕ್ಷರ ಬದಲಾಯಿಸಿದರೂ ಅದನ್ನು ಮೊದಲು ಬಳಸುವವರ ದೊಡ್ಡ ಗುಂಪಿಗೆ ಕಳಿಸುತ್ತಾರೆ, ಏನು ತಪ್ಪಿತ್ತು, ಹೇಗೆ ತಿದ್ದಿದೆ ಎಂದು ವಿವರವಾಗಿ, ಉದಾಹರಣೆ ಸಮೇತ. ಜನ ಓದುತ್ತಾರೆ, ಜಗಳವಾಡುತ್ತಾರೆ, ಆಮೇಲೆ ಹೊಸ ಆವೃತ್ತಿ ಹೊರಡುತ್ತದೆ. ಮುಚ್ಚುಮರೆ ಇಲ್ಲದ ಕೆಲಸ ಎಂದು ಮಾವನಿಗೆ ಅದರ ಮೇಲೆ ಭಾರಿ ಅಭಿಮಾನ. ಬೇರೆ ದಿನಗಳಲ್ಲಿ ನನಗೂ ಅಭಿಮಾನವೇ. ಆದರೆ ಹೊಸ ಬೀಗ ಇನ್ನೂ ನನ್ನ ಸರ್ವರ್‌ಗೂ ಬಿದ್ದಿರಲಿಲ್ಲ, ಲೋಕದ ಬೇರೆ ಯಾವ ಸರ್ವರ್‌ಗೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಮಾವ, ಬಾಗಿಲು ತೆರೆಯುವುದು ಹೇಗೆ ಎಂದು ಉದಾಹರಣೆ ಕೊಟ್ಟು ಊರಿಗೆಲ್ಲ ಬರೆದಿದ್ದರು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ, ಟವೆಲ್ ನೆಲಕ್ಕೆಸೆದದ್ದು ನೆನಪಿದೆ. ಮಾವನ ಮುಖ ಸುಣ್ಣದ ಗೋಡೆಯಾಯಿತು. "ಅಯ್ಯೋ... ಅಭ್ಯಾಸ ಬಲ..." ಎಂದು ಕುರ್ಚಿ ಹಿಡಿದುಕೊಂಡರು. ನಾನು ಚಪ್ಪಲಿ ಮೆಟ್ಟುತ್ತಿದ್ದೆ, ಲಾಂಡ್ರಿಗೆ ಓಡಿ ಸ್ವಿಚ್ ಒತ್ತುವುದೊಂದೇ ದಾರಿ ಎಂದು.

"ಹೋಗಿಲ್ಲ," ಎಂದರು ಅತ್ತೆ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಏನು ಹೋಗಿಲ್ಲ?"

"ಇವರ ಮೇಲ್. ನನ್ನ ಹತ್ರ ನಿಂತಿದೆ. ನಾನು ಬಿಟ್ರೆ ತಾನೇ ಮುಂದಕ್ಕೆ ಹೋಗೋದು."

ಮೇಲ್ವಿಚಾರಕರು ಗುಂಪಿನ ಯಾರನ್ನಾದರೂ ತಡೆಪಟ್ಟಿಗೆ ಹಾಕಬಹುದು. ಹಾಗೆ ಹಾಕಿದರೆ ಅವರು ಬರೆದದ್ದು ಮೇಲ್ವಿಚಾರಕರು ಓದಿ ಒಪ್ಪಿದ ಮೇಲೆಯೇ ಹೋಗುತ್ತದೆ. ಕೆಟ್ಟ ಬಾಯಿಯವರನ್ನು ಹಾಗೆ ಇಡುವುದು ವಾಡಿಕೆ.

ಮಾವ ಮೆಲ್ಲಗೆ ಕೇಳಿದರು, "ನನ್ನನ್ನ ತಡೆಪಟ್ಟಿಗೆ ಹಾಕಿದೀಯಾ?"

"ಹ್ಞೂಂ."

"ಯಾವಾಗಿಂದ?"

"ನೀವು ಆ ಗಡಿಯಾರದವರನ್ನ ಕತ್ತೆ ಅಂದ್ರಲ್ಲ, ಆಗಿಂದ. ನೀವು ಬರೆದಿದ್ದನ್ನೆಲ್ಲ ಮೊದಲು ನಾನು ಓದ್ತೀನಿ. ಒಂದೆರಡು ಮಾತು ತೆಗೀತೀನಿ. ಆಮೇಲೆ ಬಿಡ್ತೀನಿ. ಜನ ನಿಮ್ಮನ್ನ ಸಜ್ಜನ ಅಂತಾರಲ್ಲ, ಪುಕ್ಕಟೆ ಅಂದ್ಕೊಂಡಿದ್ರಾ?"

"ನಾನು ಬರೆದ ಸಾಫ್ಟ್‌ವೇರ್‌ನಲ್ಲಿ ನನಗೇ ತಡೆನಾ?"

"ನೀವು ಬರೆದಿದ್ದು ತಾನೇ. ಚೆನ್ನಾಗಿ ಕೆಲಸ ಮಾಡ್ತಿದೆ."

ನನಗೆ ನಗು ಬಂತು. ತಡೆಯಲಾಗದೆ ಬಂತು. ಚಪ್ಪಲಿ ಮೆಟ್ಟಿದ ಕಾಲಲ್ಲೇ ಬಾಗಿಲಲ್ಲಿ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆಯೂ ನಕ್ಕರು. ಮಾವ ಸ್ವಲ್ಪ ಹೊತ್ತು ಬಿಗುಮಾನದಲ್ಲಿದ್ದರು, ಕೊನೆಗೆ ಅವರ ಭುಜವೂ ಅಲ್ಲಾಡತೊಡಗಿತು. ಹೋದ ಜೀವ ಬಂದಂತಾಯಿತು ಎನ್ನುವುದು ಬರೀ ಮಾತಲ್ಲ, ಅದು ಕಾಲಿನಿಂದ ಮೇಲಕ್ಕೆ ಬರುತ್ತದೆ ಎಂದು ಅವತ್ತು ತಿಳಿಯಿತು.

ಅತ್ತೆ ಆ ಮೇಲ್ ಅಳಿಸಿದರು. ನಂತರ ಮೂವರೂ ಸರಿಯಾದ ಕ್ರಮ ಹಾಕಿಕೊಂಡೆವು, ಮೊದಲು ಬೀಗ, ಆಮೇಲೆ ಡಂಗುರ. ಸರ್ವರ್ ನಡೆಸುವ ಒಬ್ಬೊಬ್ಬರಿಗೂ ಅತ್ತೆ ಬೇರೆ ಬೇರೆಯಾಗಿ ಫೋನ್ ಮಾಡತೊಡಗಿದರು. ಹಳೆಯ ಆಪರೇಟರ್ ದನಿ ಮರಳಿ ಬಂದಿತ್ತು. "ನಮಸ್ಕಾರ, ಕಾರಣ ಕೇಳಬೇಡಿ, ಈಗಲೇ ಹೊಸದನ್ನ ಹಾಕ್ಕೊಳ್ಳಿ," ಎನ್ನುತ್ತಿದ್ದರು. ನಾನು ಬಸ್ ಹಿಡಿದು ಲಾಂಡ್ರಿಗೆ ಬಂದೆ.

ಮಾವ ತಿದ್ದಿದ್ದನ್ನು ಹಾಕಿ ಸರ್ವರನ್ನು ಮತ್ತೆ ಎಬ್ಬಿಸಿದೆ. ಎದ್ದಿತು. ಕಳ್ಳತನ ಮಾಡಿ ನೋಡಿದೆ, ಬಗ್ಗಲಿಲ್ಲ. ಕೆಳಗೆ ಪಾಳಿ ಬದಲಾಗುವ ಹೊತ್ತು, ಹೆಂಗಸರು ಮೆಟ್ಟಿಲ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿದ್ದರು. ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಆದರೆ ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಗಾದೆ ತಲೆಯಲ್ಲಿ ಕೊರೆಯುತ್ತಿತ್ತು. ಆಗಲೇ ಯಾರಾದರೂ ಬಂದು ಹೋಗಿದ್ದರೆ?

ಸರ್ವರ್ ಯಾವ ಯಾವ ಅಪ್ಪಣೆ ಬಂತು, ಉತ್ತರ ಎಲ್ಲಿಗೆ ಹೋಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ಅಪ್ಪಣೆ ಕೊಟ್ಟ ವಿಳಾಸವೂ ಉತ್ತರ ಹೋದ ವಿಳಾಸವೂ ಬೇರೆ ಬೇರೆ ಇದ್ದದ್ದನ್ನಷ್ಟೇ ತೋರಿಸು ಎಂದೆ. ಜೇನಿನವರು ಸ್ವಚ್ಛ. ಚದುರಂಗದವರು ಸ್ವಚ್ಛ. ಬಿಟ್ಟವರ ಬಳಗದ ಎದುರು ಒಂದು ಸಾಲಿತ್ತು. ಮಂಗಳವಾರ, ಕಂಡಕ್ಟರ್ ಹೆಸರಿನಲ್ಲಿ ಯಾರೋ ಸದಸ್ಯರ ಪಟ್ಟಿ ಕೇಳಿದ್ದರು. ಗುಟ್ಟಿನ ಸಂಖ್ಯೆ ನಾನು ಎಂದೂ ಕಾಣದ ವಿಳಾಸವೊಂದಕ್ಕೆ ಹೋಗಿತ್ತು. ಸಂಖ್ಯೆ ತಿರುಗಿ ಬಂದಿತ್ತು. ಪಟ್ಟಿ ಹೊರಟುಹೋಗಿತ್ತು.

ಅಣ್ಣ ಫೋನ್ ಎತ್ತದಿರುವುದಕ್ಕೂ ಇದಕ್ಕೂ ತಾಳೆ ಹಾಕಿದೆ. ಯಾರೋ ಅವನಿಗೆ ಬರೆದಿರಬೇಕು, ನಿನ್ನ ಗುಟ್ಟು ನಮಗೆ ಗೊತ್ತು ಎಂದು. ಅವನು ಬಾಟಲಿ ಹಿಡಿದಿರಬೇಕು. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿರಬೇಕು. ಕೆಟ್ಟದ್ದನ್ನು ಊಹಿಸುವುದರಲ್ಲಿ ನಮ್ಮ ವಂಶದವರನ್ನು ಮೀರಿಸುವವರಿಲ್ಲ. ಮತ್ತೊಮ್ಮೆ ಕಂಡಕ್ಟರ್ ನಂಬರ್ ಒತ್ತಿದೆ.

ಈ ಸಲ ಒಬ್ಬ ಹೆಂಗಸು ಎತ್ತಿದಳು, ಅವರ ಸೊಸೆ. ತನ್ನ ಮಾವನವರಿಗೆ ಕಣ್ಣಿನ ಆಪರೇಷನ್ ಆಗಿದೆ, ಪಟ್ಟಿ ಕಟ್ಟಿದ್ದಾರೆ ಎಂದಳು. ನನ್ನ ದನಿ ಕೇಳಿ ಏನು ಅನ್ನಿಸಿತೋ, ಫೋನನ್ನು ಅವರ ಕಿವಿಗೆ ಹಿಡಿದಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, ಆ ಅಪರಿಚಿತ ವಿಳಾಸವನ್ನು ಓದಿದೆ.

"ಅದು ನಾನೇ ಅಲ್ವೇನಮ್ಮ," ಎಂದರು ಕಂಡಕ್ಟರ್. "ಕಣ್ಣಿಗೆ ಪಟ್ಟಿ, ನನ್ನ ಫೋನ್ ಆಫ್ ಮಾಡಿಟ್ಟಿದ್ರು. ನನ್ನ ಹೆಸರಲ್ಲಿ ಸೊಸೆ ಕೈಲಿ ಬರೆಸಿ, ಉತ್ತರ ಅವಳಿಗೇ ಬರಲಿ ಅಂತ ಹಾಕಿಸ್ದೆ. ಹಂಗೆ ಮಾಡ್ಬಹುದು ಅಂತ ನಿಮ್ಮ ಮಾವನೇ ಹೇಳ್ಕೊಟ್ಟಿದ್ದು."

ನಾನು ಕುರ್ಚಿಗೆ ಒರಗಿದೆ. ಆಮೇಲೆ ಇನ್ನೊಂದು ಹೊಳೆಯಿತು. "ಅಂದ್ರೆ ಸೊಸೆ ಪಟ್ಟಿ ನೋಡಿದ್ರಾ?"

"ಅವಳೂ ನಮ್ಮವಳೇ. ನನಗಿಂತ ಮೊದಲು ಬಿಟ್ಟವಳು. ನನ್ನನ್ನ ಕೈ ಹಿಡಿದು ಎಳ್ಕೊಂಡ್ ಬಂದಿದ್ದೇ ಅವಳು. ಇದನ್ನ ನೀನು ಕೇಳಿಸ್ಕೊಂಡಿಲ್ಲ, ಗೊತ್ತಾಯ್ತಾ?"

"ಕೇಳಿಸ್ಕೊಂಡಿಲ್ಲ."

ಆಮೇಲೆ ಅವರೇ ಹೇಳಿದರು, "ಒಬ್ಬ ಸುಮ್ಮನಾಗಿಬಿಟ್ಟಿದ್ದಾನೆ. ದಿನಾ ಬರೀತಿದ್ದೋನು, ಭಾನುವಾರದಿಂದ ಒಂದು ಅಕ್ಷರ ಇಲ್ಲ. ಹೆಸರು ತೆಗೆಸ್ಕೊಂಡು ಹೋಗ್ಬಿಟ್ನಾ ನೋಡೋಣ ಅಂತ ಪಟ್ಟಿ ತರಿಸಿದ್ದು. ಹೋಗಿಲ್ಲ. ಹೆಸರು ಇದೆ."

ಭಾನುವಾರದಿಂದ. ಯಾರು ಎಂದು ಕೇಳಲು ನಾಲಗೆ ತುದಿಗೆ ಬಂದಿತ್ತು. ಅವರೂ ನನ್ನ ಅಣ್ಣ ಯಾರೆಂದು ತಿಳಿಯದವರಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊಟ್ಟ ಮಾತು ಇಬ್ಬರ ಮಧ್ಯೆ ಗೋಡೆಯಂತೆ ನಿಂತಿತ್ತು. ಹುಷಾರಾಗಿರಿ ಎಂದು ಹೇಳಿ ಫೋನ್ ಇಟ್ಟೆ. ಪಟ್ಟಿ ಕಳ್ಳರ ಕೈಗೆ ಹೋಗಿಲ್ಲ, ಅದೊಂದು ನೆಮ್ಮದಿ. ಆದರೆ ಯಾವ ಹೆಸರಿಗಾಗಿ ಬೆಳಗಿನಿಂದ ಓಡಾಡಿದ್ದೆನೋ ಆ ಹೆಸರಿನವನು ಎಲ್ಲಿದ್ದಾನೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಕಿಟಕಿಯಿಂದ ನೋಡಿದರೆ ಎದುರು ಬೀದಿಯ ಅಂಗಡಿಗಳಲ್ಲಿ ದೀಪ ಹತ್ತಿತ್ತು. ಸರ್ವರಿನ ಮುಂದಿನ ಪುಟ್ಟ ಹಸಿರು ದೀಪ ಮಿಣುಕುತ್ತಿತ್ತು, ಯಾರೋ ಬರೆಯುತ್ತಿದ್ದರು, ಯಾರೋ ಉತ್ತರಿಸುತ್ತಿದ್ದರು. ಏನೆಂದು ನಾನು ನೋಡುವ ಹಾಗಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ, ಅಣ್ಣನ ಮನೆಗೇ ಹೋಗಿ ಬಾಗಿಲು ಬಡಿಯೋಣ ಎಂದು.

ಕೆಳಗಿನ ಮೆಟ್ಟಿಲಲ್ಲಿದ್ದಾಗ ಫೋನ್ ಹೊಡೆದುಕೊಂಡಿತು. ಅಣ್ಣ.

"ನಿನ್ನ ಪೆಟ್ಟಿಗೆಗೆ ಏನಾಗಿದೆ ಕಣೇ?" ಎಂದ, ಸಿಟ್ಟಿನಿಂದ. "ಒಂದೇ ಮೇಲ್ ಮೂರು ಮೂರು ಸಲ ಬರ್ತಿದೆ. ತಲೆ ಕೆಟ್ಟುಹೋಯ್ತು."

ಮೆಟ್ಟಿಲ ಮೇಲೆ ಕೂತೆ. "ನೀನು... ಓದ್ತಿದೀಯಾ?"

"ಓದದೆ ಏನು? ಬರೆಯೋಕೆ ಆಗ್ಲಿಲ್ಲ, ಅಷ್ಟೇ. ಓದ್ತಾನೇ ಇದೀನಿ."

"ಫೋನ್ ಯಾಕೆ ಎತ್ತಲಿಲ್ಲ?"

ಅವನ ಹಿಂದೆ ವಾಹನಗಳ ಸದ್ದು ಕೇಳುತ್ತಿತ್ತು, ಅವನು ನಡೆಯುತ್ತಿದ್ದ.

"ಭಾನುವಾರ ಒಂದು ದೊಡ್ಡ ಗಾಜು ಕೈಜಾರಿ ಹೋಯ್ತು ಕಣೇ. ಮೂರನೇ ಮಹಡಿ. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಮನೆಯೋನು 'ಕುಡಿದು ಬಂದಿದೀಯಾ' ಅಂದ. ಕುಡಿದಿರ್ಲಿಲ್ಲ. ಕುಡಿಯದೇ ಈ ಮಾತು ಕೇಳೋದಾದ್ರೆ ಕುಡಿದೇ ಕೇಳೋಣ ಅನ್ನಿಸ್ತು. ಆವತ್ತಿಂದ ದಿನಾ ಸಂಜೆ ಆ ಅಂಗಡಿ ಮುಂದೆ ಹೋಗೋದು, ಬರೋದು. ಇವತ್ತು ಸಾಲಲ್ಲೇ ನಿಂತಿದ್ದೆ."

ನಾನು ಕಣ್ಣು ಮುಚ್ಚಿಕೊಂಡೆ.

"ನನ್ನ ಮುಂದೆ ಇಬ್ಬರೇ ಇದ್ದಿದ್ದು. ಫೋನ್ ಅಲ್ಲಾಡ್ತು. ಯಾರಿಗೋ ಯಾರೋ ಬರೆದಿದ್ದು, ನನಗಲ್ಲ. 'ಹೊರಡು. ತಿರುಗಿ ನೋಡ್ಬೇಡ' ಅಂತ. ಓದಿ ಜೇಬಿಗೆ ಹಾಕ್ಕೊಂಡೆ. ಮತ್ತೆ ಅಲ್ಲಾಡ್ತು. ಅದೇ. ಮತ್ತೆ ಹಾಕ್ಕೊಂಡೆ. ಅಷ್ಟರಲ್ಲಿ ಮೂರನೇ ಸಲ. ಅದೇ, 'ಹೊರಡು'. ಒಂದು ಸಲ ಹೇಳಿದ್ರೆ ನಾನು ಕೇಳ್ತಿರ್ಲಿಲ್ಲ. ನೀನು ಬಲ್ಲೆ ನನ್ನನ್ನ. ಸಾಲು ಬಿಟ್ಟು ಬಂದೆ. ನಡೀತಿದೀನಿ. ನಿನ್ನ ಲಾಂಡ್ರಿ ಕಡೆಗೇ ಬರ್ತಿದೀನಿ, ಅಲ್ಲೇ ಇದೀಯಾ?"

ಇದ್ದೇನೆ ಎಂದೆ. ಬಾ ಎಂದೆ. ಓಡಿ ಬರಬೇಡ, ರಸ್ತೆ ನೋಡಿಕೊಂಡು ಬಾ ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತ್ತು. ಬೆಳಿಗ್ಗೆ ಆ ಸ್ವಿಚ್ಚಿನ ಮೇಲಿಟ್ಟ ಕೈಯನ್ನು ನೋಡಿಕೊಂಡು, ಪಾಳಿ ಮುಗಿಸಿ ಹೋಗುವ ಹೆಂಗಸರ ಎದುರೇ, ನಾಚಿಕೆಯಿಲ್ಲದೆ, ಸಂತೋಷಕ್ಕೆ ಅತ್ತುಬಿಟ್ಟೆ. ಒಬ್ಬಾಕೆ ನಿಂತು ಏನಾಯಿತು ಎಂದಳು. ನಮ್ಮಣ್ಣ ಬರ್ತಿದಾನೆ ಎಂದೆ.

ಮತ್ತೆ ಫೋನ್ ಬಂತು. ಈ ಸಲ ಮಾವ. ದನಿಯಲ್ಲಿ ಗಾಬರಿ. "ಒಂದು ಎಡವಟ್ಟಾಗಿದೆ ಕಣೇ. ನಾನು ಆ ಎರಡನೇ ಕಡೆ ತಿದ್ದಿದ್ನಲ್ಲ, ಅದರಿಂದ ಪ್ರತಿ ಮೇಲೂ ಮೂರು ಸಲ ಹೋಗ್ತಿದೆ. ಜೇನಿನವರು ಬೈತಿದಾರೆ. ಸಿಕ್ತು ಎಲ್ಲಿ ಅಂತ, ಒಂದು ಸಾಲು ಅಷ್ಟೇ. ಈಗ್ಲೇ ಕಳಿಸ್ತೀನಿ, ಹಾಕ್ಬಿಡು."

ಬೀದಿಯ ತುದಿಯಲ್ಲಿ, ದೀಪದ ಕಂಬದ ಕೆಳಗೆ, ಅಣ್ಣನ ನಡಿಗೆ ಕಾಣಿಸಿತು.

"ಇವತ್ತೊಂದಿನ ಹಾಗೇ ಹೋಗ್ಲಿ ಬಿಡಿ ಮಾವ," ಎಂದೆ.